ಗೆದ್ದದ್ದಕ್ಕೆ ಕ್ಷಮೆ ಕೇಳಬೇಡ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ಫೈನಲ್ ಗೆದ್ದ ಸುದ್ದಿಯನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದೀಯ. ಉಳಿದದ್ದೆಲ್ಲ ಆ ಕೂಗಿನ ಬಗ್ಗೆಯೇ. ಕೊನೆಯ ಪಾಯಿಂಟ್ ನಿನ್ನದಾದಾಗ ಗ್ಯಾಲರಿಯವರು ‘ಬೂ’ ಎಂದದ್ದು, ಪದಕ ಹಾಕಿಸಿಕೊಳ್ಳುವಾಗಲೂ ಅದು ನಿಲ್ಲದೆ ಇದ್ದದ್ದು, ನೀನು ಮೈಕ್ ಹಿಡಿದು ‘ಸಾರಿ’ ಎಂದದ್ದು. ‘ನಾನು ಅವರ ದೇಶದವಳಲ್ಲ ಅಂತ ತಾನೇ ದೊಡ್ಡಪ್ಪಾ?’ ಎಂದು ಕೇಳಿದ್ದೀಯ. ‘ಆ ದೇಶದವರೇ ಅಷ್ಟು’ ಎಂದೂ ಬರೆದಿದ್ದೀಯ.

ಸ್ವಲ್ಪ ಮಟ್ಟಿಗೆ ಹೌದು, ಪುಟ್ಟಿ. ಆದರೆ ನೀನು ಅಂದುಕೊಂಡಷ್ಟು ಅಲ್ಲ. ನಿನ್ನ ಸಮಾಧಾನಕ್ಕೆ ಸುಮ್ನೆ ಹೇಳುತ್ತಿರುವ ಮಾತಲ್ಲ ಇದು. ನಡೆದದ್ದನ್ನೇ ನೋಡು.

2001ರ ಇಂಡಿಯನ್ ವೆಲ್ಸ್ ಟೆನಿಸ್ ಫೈನಲ್. ಜಾಗ ಅಮೆರಿಕದ ಕ್ಯಾಲಿಫೋರ್ನಿಯಾ. ಆಡಲು ಇಳಿದವಳು ಸೆರೆನಾ ವಿಲಿಯಮ್ಸ್. ಅದೇ ಕ್ಯಾಲಿಫೋರ್ನಿಯಾದಲ್ಲಿ ಆಟ ಕಲಿತವಳು, ಆಗಿನ್ನೂ 19 ವರ್ಷ. ಎದುರಾಳಿ ಬೆಲ್ಜಿಯಂನ ಕಿಮ್ ಕ್ಲೈಸ್ಟರ್ಸ್. ದೇಶವೇ ಮುಖ್ಯವಾಗಿದ್ದರೆ ಚಪ್ಪಾಳೆ ಯಾರಿಗೆ ಸಿಗಬೇಕಿತ್ತು? ಸಿಕ್ಕಿದ್ದು ಕ್ಲೈಸ್ಟರ್ಸ್‌ಗೆ. ಸೆರೆನಾ ಅಂಗಳಕ್ಕೆ ಬಂದಾಗಿನಿಂದ ಬೂ. ಅವಳು ತಪ್ಪು ಹೊಡೆದರೆ ಸಂಭ್ರಮ. ಕಾರಣ ಹಿಂದಿನ ಪಂದ್ಯದಲ್ಲಿತ್ತು. ಸೆಮಿಫೈನಲ್‌ನಲ್ಲಿ ಅಕ್ಕ ವೀನಸ್ ಜೊತೆ ಆಡಬೇಕಿತ್ತು. ಆಟ ಶುರುವಾಗಲು ಕೆಲವೇ ನಿಮಿಷ ಇರುವಾಗ ವೀನಸ್ ಮಂಡಿ ನೋವೆಂದು ಹಿಂದೆ ಸರಿದಳು. ಟಿಕೆಟ್ ಕೊಂಡು ಕೂತವರಿಗೆ ಸಿಟ್ಟು ಬಂತು. ಅಕ್ಕತಂಗಿಯರ ಪಂದ್ಯದಲ್ಲಿ ಯಾರು ಗೆಲ್ಲಬೇಕೆಂದು ಅಪ್ಪನೇ ತೀರ್ಮಾನಿಸುತ್ತಾನೆ ಎಂಬ ಗುಸುಗುಸು ಬೇರೆ ಇತ್ತು. ಆ ಸಿಟ್ಟನ್ನೆಲ್ಲ ತಂಗಿಯ ಮೇಲೆ ತೀರಿಸಿಕೊಂಡರು. ಬಣ್ಣದ ಹೆಸರಿನ ಬೈಗುಳವೂ ಕೇಳಿಬಂತು ಎಂದು ಆ ಕುಟುಂಬ ಹೇಳಿತು. ಅಂದರೆ ಒಂದೇ ದೇಶದವರಾದರೂ ‘ಇವಳು ನಮ್ಮವಳಲ್ಲ’ ಎನ್ನಲು ಜನರಿಗೆ ಏನಾದರೊಂದು ಸಿಕ್ಕೇ ಸಿಗುತ್ತದೆ. ಸೆರೆನಾ ಮೊದಲ ಸೆಟ್ ಸೋತು, ಮುಂದಿನ ಎರಡೂ ಗೆದ್ದು ಕಪ್ ಎತ್ತಿದಳು. ಆಮೇಲೆ 2015ರವರೆಗೆ ಆ ಟೂರ್ನಿಗೆ ಕಾಲಿಡಲಿಲ್ಲ. ಕೂಗಿದವರು ಸಂಜೆ ಮನೆಗೆ ಹೋಗಿ ಮರೆತಿರಬಹುದು. ಅವಳಿಗೆ ಆ ಗಾಯ ಮಾಯಲು ಅಷ್ಟು ವರ್ಷ ಬೇಕಾಯಿತು. ಅದಕ್ಕೇ ‘ಇದೆಲ್ಲ ಆಟದಲ್ಲಿ ಮಾಮೂಲು’ ಎಂದು ಹೇಳಿ ನಿನ್ನ ನೋವನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ.

ಹಾಗಾದರೆ ಜನ ಯಾಕೆ ಕೂಗುತ್ತಾರೆ? ನನಗೆ ಕಂಡದ್ದು ಇಷ್ಟು. ನೋಡಲು ಬರುವವರು ಬರೀ ಆಟ ನೋಡಲು ಬರುವುದಿಲ್ಲ. ಈ ದಿನ ಹೀಗೆ ಮುಗಿಯಬೇಕು ಎಂದು ಒಂದು ಕಥೆ ಕಟ್ಟಿಕೊಂಡೇ ಬಂದಿರುತ್ತಾರೆ. ಆ ಕಥೆಯನ್ನು ಕೆಡಿಸಿದವರ ಮೇಲೆ ಅವರಿಗೆ ಸಿಟ್ಟು. ಕೆಡಿಸಿದವರು ಬಹಳ ಸಲ ಗೆದ್ದವರೇ ಆಗಿರುತ್ತಾರೆ.

2018ರ ಯುಎಸ್ ಓಪನ್ ಫೈನಲ್ ನಿನಗೆ ಗೊತ್ತಿರಬೇಕು. ಅಲ್ಲಿಯೂ ಸೆರೆನಾ, ಆದರೆ ಈ ಸಲ ಗ್ಯಾಲರಿ ಪೂರ್ತಿ ಅವಳ ಕಡೆ. ತಾಯಿಯಾದ ಮೇಲೆ ಮರಳಿ ಬಂದು 24ನೇ ಗ್ರ್ಯಾಂಡ್ ಸ್ಲಾಮ್ ಗೆಲ್ಲುವುದು ಅಂದಿನ ಕಥೆಯಾಗಿತ್ತು. ಎದುರಿಗೆ 20 ವರ್ಷದ ನವೋಮಿ ಒಸಾಕಾ. ಅಂಪೈರ್ ಮತ್ತು ಸೆರೆನಾ ನಡುವೆ ಜಗಳವಾಯಿತು. ಸೆರೆನಾಗೆ ಮೊದಲು ಎಚ್ಚರಿಕೆ, ಆಮೇಲೆ ಒಂದು ಪಾಯಿಂಟ್, ಕೊನೆಗೆ ಒಂದು ಗೇಮ್ ದಂಡ ಬಿತ್ತು. ಒಸಾಕಾ 6-2, 6-4ರಲ್ಲಿ ಗೆದ್ದಳು. ಗ್ರ್ಯಾಂಡ್ ಸ್ಲಾಮ್ ಸಿಂಗಲ್ಸ್ ಗೆದ್ದ ಮೊದಲ ಜಪಾನಿ ಆಟಗಾರ್ತಿ. ಆದರೆ ಟ್ರೋಫಿ ಕೊಡುವಾಗ ಇಡೀ ಸ್ಟೇಡಿಯಂ ಬೂ ಎನ್ನುತ್ತಿತ್ತು. ಹುಡುಗಿ ಟೋಪಿಯ ಅಂಚನ್ನು ಕೆಳಗೆಳೆದು ಮುಖ ಮರೆಸಿಕೊಂಡು ಅತ್ತಳು. ಹೀಗೆ ಮುಗಿದದ್ದಕ್ಕೆ ಜನರ ಬಳಿ ಕ್ಷಮೆ ಕೇಳಿದಳು. ಆ ಕೂಗು ಬಹುಪಾಲು ಅಂಪೈರ್ ಮೇಲಿನದು. ಜಪಾನಿನ ಮೇಲೆ ಅಲ್ಲಿ ಯಾರಿಗೂ ಕೋಪ ಇರಲಿಲ್ಲ. ಒಸಾಕಾ ಬೆಳೆದದ್ದೂ ಅಮೆರಿಕದಲ್ಲೇ. ಕಥೆ ಕೆಟ್ಟಿತ್ತು, ಕೆಡಿಸಿದವಳು ಕಣ್ಣ ಮುಂದೆ ನಿಂತಿದ್ದಳು, ಅಷ್ಟೇ. ಸೋತ ಸೆರೆನಾಳೇ ಅವಳ ಹೆಗಲು ಬಳಸಿ, ಇನ್ನು ಬೂ ಸಾಕು ಎಂದು ಜನರನ್ನು ಕೇಳಿಕೊಂಡಳು.

ದೇಶಕ್ಕೆ ಇದರಲ್ಲಿ ಪಾಲೇ ಇಲ್ಲ ಎನ್ನುತ್ತಿಲ್ಲ. ಕಥೆ ಕಟ್ಟಲು ಒಂದು ‘ನಾವು’ ಬೇಕು. ಎಲ್ಲಕ್ಕಿಂತ ಸುಲಭವಾಗಿ ಸಿಗುವ ‘ನಾವು’ ಅಂದರೆ ದೇಶ. ರಾಬರ್ಟ್ ಚಾಲ್ಡೀನಿ ಎಂಬ ಮನಶ್ಶಾಸ್ತ್ರಜ್ಞ ಮತ್ತು ಅವನ ಜೊತೆಗಾರರು 1976ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕಾಲೇಜಿನ ತಂಡ ಗೆದ್ದ ವಾರ ವಿದ್ಯಾರ್ಥಿಗಳು ಕಾಲೇಜಿನ ಹೆಸರಿರುವ ಬಟ್ಟೆಯನ್ನು ಜಾಸ್ತಿ ಹಾಕಿಕೊಂಡು ಬರುತ್ತಿದ್ದರು. ಗೆದ್ದರೆ ‘ನಾವು ಗೆದ್ದೆವು’ ಎನ್ನುವವರು ಜಾಸ್ತಿ. ಸೋತರೆ ಆ ‘ನಾವು’ ಕಡಿಮೆಯಾಗಿ ‘ಅವರು ಸೋತರು’ ಆಗುತ್ತಿತ್ತು. ಆ ದಿನ ನೀನು ಗೆದ್ದದ್ದು ಒಬ್ಬ ಹುಡುಗಿಯನ್ನು. ಗ್ಯಾಲರಿಯವರಿಗೆ ಮಾತ್ರ ತಮ್ಮ ಕೈಗೆ ಬಂದದ್ದನ್ನು ಕಿತ್ತುಕೊಂಡಂತೆ ಅನ್ನಿಸಿತು.

ಇನ್ನೊಂದು ವಿಷಯ. ಈ ಕೂಗಿನಿಂದ ಲಾಭವೂ ಇದೆ. ಇಂಗ್ಲೆಂಡಿನಲ್ಲಿ ಫುಟ್‌ಬಾಲ್ ರೆಫರಿಗಳಿಗೆ ಒಂದೇ ಪಂದ್ಯದ ವಿಡಿಯೊ ತೋರಿಸಿದರು, ಕೆಲವರಿಗೆ ಜನರ ಸದ್ದಿನೊಡನೆ, ಕೆಲವರಿಗೆ ಸದ್ದಿಲ್ಲದೆ. ಸದ್ದು ಕೇಳಿಸಿಕೊಂಡವರು ತವರಿನ ತಂಡದ ಮೇಲೆ ಕಡಿಮೆ ಫೌಲ್ ಕೊಟ್ಟರು. ಗುಂಪಿನಲ್ಲಿ ಕೂತವನಿಗೆ ಈ ಲೆಕ್ಕ ಯಾರೂ ಹೇಳಿಕೊಡಬೇಕಿಲ್ಲ. ತನ್ನ ಗಂಟಲಿಗೂ ಆಟದಲ್ಲಿ ಒಂದು ಪಾತ್ರ ಇದೆ ಎಂದು ಅವನಿಗೆ ಅನ್ನಿಸುತ್ತದೆ. ಸಾವಿರ ಜನರ ನಡುವೆ ಅವನ ಮುಖವೂ ಯಾರಿಗೂ ಕಾಣುವುದಿಲ್ಲ.

ಎದುರಾಳಿ ತವರಿನವನಾದರೆ ಇದು ಮಿತಿ ಮೀರುತ್ತದೆ. 2016ರ ರಿಯೊ ಒಲಿಂಪಿಕ್ಸ್‌ನ ಪೋಲ್ ವಾಲ್ಟ್, ಅಂದರೆ ಕೋಲು ಊರಿ ಎತ್ತರ ಹಾರುವ ಸ್ಪರ್ಧೆ, ನೆನಪಿಸಿಕೋ. ಬ್ರೆಜಿಲ್‌ನ ಥಿಯಾಗೊ ಬ್ರಾಜ್ 6.03 ಮೀಟರ್ ಹಾರಿ ಚಿನ್ನ ಗೆದ್ದ. ಫ್ರಾನ್ಸ್‌ನ ರೆನೊ ಲಾವಿಲೆನಿಗೆ ಬೆಳ್ಳಿ. ಅವನು ಹಾರಲು ಓಡುವಾಗಲೂ ಬೂ, ಮರುದಿನ ಪದಕ ಕೊಡುವಾಗಲೂ ಬೂ. ಅವನು ಅಲ್ಲೇ ಕಣ್ಣೀರು ಹಾಕಿದ. ಅಲ್ಲಿ ದೇಶವೇ ಕಾರಣ, ಒಪ್ಪುತ್ತೇನೆ. ತಮ್ಮವನೇ ಗೆದ್ದ ಮೇಲೂ ಕೂಗಿದರಲ್ಲ, ಅದು ನನಗೆ ಈಗಲೂ ನುಂಗಲಾಗದ ವಿಷಯ.

ಆದರೆ 2017ರ ಲಂಡನ್ ವಿಶ್ವ ಚಾಂಪಿಯನ್‌ಷಿಪ್‌ಗೆ ಬಾ. ಉಸೇನ್ ಬೋಲ್ಟ್‌ನ ಕೊನೆಯ 100 ಮೀಟರ್ ಓಟ. ಗೆದ್ದವನು ಅಮೆರಿಕದ ಜಸ್ಟಿನ್ ಗ್ಯಾಟ್ಲಿನ್, 9.92 ಸೆಕೆಂಡ್. ಬೋಲ್ಟ್ ಮೂರನೆಯವನು. ಗ್ಯಾಟ್ಲಿನ್‌ಗೆ ದೊಡ್ಡ ಬೂ. ಎರಡನೆಯವನಾಗಿ ಬಂದ ಕ್ರಿಶ್ಚಿಯನ್ ಕೋಲ್ಮನ್ ಕೂಡ ಅಮೆರಿಕದವನೇ. ಸಿಟ್ಟು ಅವನ ಮೇಲೆ ತಿರುಗಲಿಲ್ಲ. ಗ್ಯಾಟ್ಲಿನ್ ನಿಷೇಧಿತ ಉದ್ದೀಪನ ಮದ್ದಿನ ಪ್ರಕರಣಗಳಲ್ಲಿ ಎರಡು ಸಲ ನಿಷೇಧಕ್ಕೆ ಒಳಗಾದವನು. ಬೂ ಎಂದವರಲ್ಲಿ ಕೆಲವರಾದರೂ ಅದನ್ನು ನೆನಪಿಟ್ಟುಕೊಂಡೇ ಕೂಗಿದರು. ಇಂಥ ಕೂಗು ನಿನ್ನ ಮೇಲೆ ಎಂದೂ ಬೀಳದಂತೆ ನೋಡಿಕೋ. ಅದಕ್ಕೆ ಉತ್ತರ ಕೊಡುವುದು ಕಷ್ಟ. ನಿನ್ನ ಮೇಲೆ ಬಿದ್ದದ್ದು ಅದಲ್ಲ.

ನಮ್ಮವರೇ ನಮ್ಮವನನ್ನು ಕೂಗಿದ್ದೂ ಇದೆ. 2024ರ ಐಪಿಎಲ್‌ನಲ್ಲಿ ರೋಹಿತ್ ಶರ್ಮಾ ಜಾಗಕ್ಕೆ ಮುಂಬೈ ನಾಯಕನಾದ ಹಾರ್ದಿಕ್ ಪಾಂಡ್ಯಗೆ ವಾಂಖೆಡೆಯಲ್ಲೇ ಬೂ ಎಂದರು, ತನ್ನ ತಂಡದ ಅಂಗಳದಲ್ಲೇ. ಜೂನ್‌ನಲ್ಲಿ ಅದೇ ಹಾರ್ದಿಕ್ ಟಿ20 ವಿಶ್ವಕಪ್ ಫೈನಲ್‌ನ ಕೊನೆಯ ಓವರ್ ಎಸೆದು ಗೆಲ್ಲಿಸಿದ. ಜುಲೈ 4ರಂದು ಅದೇ ವಾಂಖೆಡೆಯಲ್ಲಿ ‘ಹಾರ್ದಿಕ್, ಹಾರ್ದಿಕ್’ ಎಂಬ ಜೈಕಾರ. ಇಷ್ಟು ಬೇಗ ಹೊರಳುವ ಕೂಗನ್ನು ನಿನ್ನ ಯೋಗ್ಯತೆಯ ತೀರ್ಪು ಅಂತ ಹೇಗೆ ತೆಗೆದುಕೊಳ್ಳುತ್ತೀಯ?

ಇನ್ನು 1999ರ ಜನವರಿ, ಚೆನ್ನೈ. ಭಾರತ ಮತ್ತು ಪಾಕಿಸ್ತಾನದ ಟೆಸ್ಟ್. ಗೆಲ್ಲಲು 271 ರನ್ ಬೇಕಿತ್ತು. ಸಚಿನ್ ಬೆನ್ನುನೋವಿನಲ್ಲಿ 136 ಹೊಡೆದ. ಆದರೂ ನಾವು 12 ರನ್‌ಗಳಿಂದ ಸೋತೆವು. ಕಥೆ ಅದಕ್ಕಿಂತ ಕೆಡುವುದು ಸಾಧ್ಯವೇ? ಎದುರಾಳಿ ದೇಶದ ವಿಷಯದಲ್ಲಿ ಇನ್ನೇನು ಹೇಳಬೇಕು? ಆದರೂ ಗ್ಯಾಲರಿಯ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಪಾಕಿಸ್ತಾನದ ಆಟಗಾರರು ಮೈದಾನದ ಸುತ್ತ ಓಡಿ ಆ ಚಪ್ಪಾಳೆ ಸ್ವೀಕರಿಸಿದರು. ದೇಶ ಬೇರೆಯಾದರೆ ಬೂ ಅನ್ನಲೇಬೇಕೆಂಬ ವಿಧಿ ಏನೂ ಇಲ್ಲ ಅಂತ ನಾನು ಗಟ್ಟಿಯಾಗಿ ನಂಬುವುದು ಆ ದಿನದಿಂದ.

ಈಗ ನಿನಗೆ ಹೇಳಬೇಕಾದದ್ದು. ಮತ್ತೆ ಹಾಗೆ ಆದರೆ ಕ್ಷಮೆ ಕೇಳಬೇಡ. ನೀನು ಗೆರೆಯ ಒಳಗೋ ಹೊರಗೋ ಎಂಬ ಲೈನ್ ಕಾಲ್‌ನಲ್ಲಿ ಮೋಸ ಮಾಡಿಲ್ಲ, ಯಾರನ್ನೂ ಹಳಿದಿಲ್ಲ. ಕ್ಷಮೆ ಕೇಳಿದರೆ ತಪ್ಪು ನಿನ್ನದೇ ಎಂದು ನೀನೇ ಒಪ್ಪಿಕೊಂಡಂತೆ ಆಗುತ್ತದೆ. ತುಟಿಗೆ ಬೆರಳಿಟ್ಟು ‘ಶ್’ ಅನ್ನುವುದೂ ಬೇಡ, ಕಿವಿಗೆ ಕೈ ಹಿಡಿದು ಕೆಣಕುವುದೂ ಬೇಡ. ಎದುರಾಳಿಗೆ ಕೈ ಕೊಡು, ಅಂಪೈರ್‌ಗೆ ಕೈ ಕೊಡು. ಮೈಕ್ ಕೊಟ್ಟರೆ ಅವಳ ಆಟದ ಬಗ್ಗೆ ಒಂದು ಒಳ್ಳೆ ಮಾತು, ನಿನ್ನ ಕೋಚ್‌ಗೆ ಧನ್ಯವಾದ, ಸಾಕು. ತಲೆ ಎತ್ತಿ ಪದಕ ಹಾಕಿಸಿಕೋ. ಆ ರಾತ್ರಿ ಫೋನ್ ತೆಗೆದು ಯಾರು ಏನೆಂದರು ಅಂತ ಹುಡುಕುತ್ತಾ ಕೂರಬೇಡ. ಅಳು ಬಂದರೆ ಅಳು, ಅದಕ್ಕೆ ನಾಚಿಕೆ ಬೇಡ.

‘ಆ ದೇಶದವರೇ ಅಷ್ಟು’ ಎಂಬ ಮಾತನ್ನೂ ಬಿಡು, ಪುಟ್ಟಿ. ಗ್ಯಾಲರಿಯವರು ನಿನ್ನ ಜೆರ್ಸಿಯ ಮೇಲಿನ ದೇಶದ ಹೆಸರಷ್ಟನ್ನೇ ನೋಡಿ ಕೂಗಿದ್ದು ನಿನಗೆ ನೋವಾಯಿತು. ನೀನೂ ಅದನ್ನೇ ಅವರಿಗೆ ತಿರುಗಿಸಬೇಡ.

ಒಂದಲ್ಲ ಒಂದು ದಿನ ನಮ್ಮ ದೇಶದಲ್ಲಿ ನೀನು ಆಡುವಾಗ ಗ್ಯಾಲರಿ ನಿನ್ನ ಕಡೆ ಇರುತ್ತದೆ. ಹೊರಗಿನಿಂದ ಬಂದ ಹುಡುಗಿ ಸರ್ವ್ ಮಾಡಲು ನಿಂತಾಗ ನಮ್ಮವರೇ ಬೂ ಅನ್ನಬಹುದು. 2019ರ ವಿಶ್ವಕಪ್‌ನಲ್ಲಿ, ಲಂಡನ್‌ನ ಓವಲ್ ಮೈದಾನದಲ್ಲಿ, ಬೌಂಡರಿ ಬಳಿ ನಿಂತಿದ್ದ ಆಸ್ಟ್ರೇಲಿಯಾದ ಸ್ಟೀವ್ ಸ್ಮಿತ್‌ನನ್ನು ಭಾರತದ ಅಭಿಮಾನಿಗಳು ಹೀಗೇ ಹೀಯಾಳಿಸಿದರು. ಬ್ಯಾಟ್ ಮಾಡುತ್ತಿದ್ದ ಕೊಹ್ಲಿ ಅವರ ಕಡೆ ತಿರುಗಿ, ಬೂ ಬೇಡ, ಚಪ್ಪಾಳೆ ತಟ್ಟಿ ಎಂದು ಕೈಸನ್ನೆ ಮಾಡಿದ. ನೀನೂ ರಾಕೆಟ್ ಇಳಿಸು. ನಮ್ಮ ಜನರ ಕಡೆ ತಿರುಗಿ ಸುಮ್ಮನಿರಿ ಎಂದು ಕೈ ಎತ್ತು. ಅವಳು ನೆಮ್ಮದಿಯಾಗಿ ಸರ್ವ್ ಮಾಡಲಿ. ಆಮೇಲೆ ಗೆಲ್ಲು.

ಇಂತಿ,
ನಿನ್ನ ದೊಡ್ಡಪ್ಪ