ತರಗೆಲೆ ಸುಡಬೇಡಿ, ಗಿಡದ ಬುಡಕ್ಕೆ ಹಾಕಿ

ಬೆಂಗಳೂರಿನ ಬಡಾವಣೆಗಳಲ್ಲಿ ಗುಡಿಸಿದ ತರಗೆಲೆಗೆ ಬೆಂಕಿ ಹಚ್ಚುವುದು ಇನ್ನೂ ನಿಂತಿಲ್ಲ. ಚಳಿ ಮುಗಿದು ಹೊಂಗೆ ಮರ ಎಲೆ ಉದುರಿಸುವ ಹೊತ್ತಿಗೆ ಬೆಳ್ಳಂಬೆಳಿಗ್ಗೆಯೇ ಬೀದಿ ತುಂಬ ಹೊಗೆ. 2016ರಲ್ಲೇ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಇದನ್ನು ನಿಷೇಧಿಸಿದವು. ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ ದಂಡ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯೂ ಅದೇ ವರ್ಷ ಹೇಳಿತು.

ಇತ್ತ ಮನೆ ಮುಂದೆ ನಾಲ್ಕು ಗಿಡ ಬೆಳೆಸುವ ನಾವು ನರ್ಸರಿಗೆ ದುಡ್ಡು ಕೊಟ್ಟು ಗೊಬ್ಬರದ ಚೀಲ ತರುತ್ತೇವೆ! ಗಿಡದ ಸುತ್ತ ಎರಡು ಮೂರು ಅಂಗುಲ ತರಗೆಲೆ ಹೊದಿಸಿದರೆ ತೇವ ಬೇಗ ಆರುವುದಿಲ್ಲ, ಕಳೆಯೂ ಕಡಿಮೆ. ಕಾಂಡಕ್ಕೆ ಮಾತ್ರ ತಾಗಿಸಬಾರದು. ನಮ್ಮ ಮನೆಯ ದಾಸವಾಳದ ಬುಡದಲ್ಲಿ ಎಲೆ ಸರಿಸಿ ನೋಡಿದರೆ ನಡುಬೇಸಿಗೆಯಲ್ಲೂ ಮಣ್ಣು ತಣ್ಣಗಿರುತ್ತದೆ, ಎರೆಹುಳು ಹೊರಳಾಡುತ್ತಿರುತ್ತವೆ. 2024ರ ಮಾರ್ಚ್‌ನಲ್ಲಿ ಕೈತೋಟಕ್ಕೆ ಕುಡಿಯುವ ನೀರು ಬಳಸುವುದನ್ನೇ ಜಲಮಂಡಳಿ ನಿಷೇಧಿಸಬೇಕಾಯಿತು. ಸುಮಾರು 100 ಕಿ.ಮೀ. ದೂರದಿಂದ ಪಂಪ್ ಮಾಡಿ ತರುವ ಕಾವೇರಿ ನೀರು ಸುಮ್ನೆ ಆವಿಯಾಗಿ ಹೋಗಬೇಕೇ?

ಪ್ರತಿ ವಾರ್ಡಿನ ಪಾರ್ಕಿನ ಮೂಲೆಯಲ್ಲಿ ತಂತಿ ಜಾಲರಿಯ ದೊಡ್ಡ ಗೂಡೊಂದನ್ನು ಪಾಲಿಕೆ ಮಾಡಿಸಲಿ. ಪೌರಕಾರ್ಮಿಕರು ಗುಡಿಸಿದ ಎಲೆ ಅಲ್ಲಿ ಸೇರಲಿ. ಪ್ಲಾಸ್ಟಿಕ್ ಬೆರೆಯದಂತೆ ನೋಡಿಕೊಂಡರೆ ಸಾಕು. ಬೇಕಾದವರು ಚೀಲ ತಂದು ತುಂಬಿಕೊಂಡು ಹೋಗಬಹುದು, ಉಳಿದದ್ದು ಅಲ್ಲೇ ಕೊಳೆತು ಪಾರ್ಕಿನ ಗಿಡಗಳಿಗೆ ಗೊಬ್ಬರವಾಗುತ್ತದೆ.

– ಓದುಗರು, ಜಯನಗರ, ಬೆಂಗಳೂರು