ಮರಗಟ್ಟಿದ ತುಟಿಗೆ ಸ್ಪರ್ಶ ಮರಳಿಸಿದವರಿಗೆ

ಕೆಳದವಡೆಯ ಎಡಬದಿಯಲ್ಲಿ ಕಳೆದುಕೊಂಡಿದ್ದ ಹಲ್ಲಿನ ಜಾಗಕ್ಕೆ ಕಳೆದ ವಾರ ಕ್ಯಾಪ್ ಕೂರಿಸಲಾಯಿತು. ಹತ್ತು ತಿಂಗಳ ನಂತರ ಆ ಬದಿಯಲ್ಲಿ ಅಗಿಯುತ್ತಿರುವ ನಾನು ಇದಕ್ಕೆ ಕಾರಣರಾದವರಿಗೆ ಬಹಿರಂಗವಾಗಿಯೇ ಕೃತಜ್ಞತೆ ಹೇಳಬೇಕಿದೆ.

ಮೊದಲ ಸಲ ಇಂಪ್ಲಾಂಟ್, ಅಂದರೆ ಕ್ಯಾಪಿಗೆ ಬೇರಿನಂತೆ ದವಡೆಯ ಮೂಳೆಯೊಳಗೆ ಕೂರಿಸುವ ಟೈಟಾನಿಯಂ ತಿರುಪು, ಹಾಕಿಸಿಕೊಂಡದ್ದು ಬೇರೆ ಕಡೆ. ಅರಿವಳಿಕೆ ಇಳಿಯುವ ಹೊತ್ತು ಕಳೆದರೂ ಕೆಳತುಟಿಯ ಎಡ ಅರ್ಧ ಮತ್ತು ಗದ್ದ ಮರಗಟ್ಟಿಯೇ ಇದ್ದವು. ಕುಡಿದ ನೀರು ತುಟಿಯಂಚಿನಿಂದ ಸೋರಿದ್ದು ಅಂಗಿ ಒದ್ದೆಯಾದಾಗಲೇ ತಿಳಿಯಿತು. ಕೆಲವು ವಾರ ಕಾದು ನೋಡಿ ಎಂದರು ಅಲ್ಲಿನ ವೈದ್ಯರು. ಕಾಯದೆ ಮರುದಿನವೇ ಇನ್ನೊಬ್ಬ ಶಸ್ತ್ರವೈದ್ಯೆಯ ಬಳಿಗೆ ಹೋದದ್ದು ನಾನು ಮಾಡಿದ ಒಂದೇ ಜಾಣತನ.

ಅವರು ಕೂಡಲೇ ಕೋನ್ ಬೀಮ್ ಸಿ.ಟಿ. (ದವಡೆಯ ಮೂರು ಆಯಾಮದ ಎಕ್ಸ್-ರೇ ಸ್ಕ್ಯಾನ್) ತೆಗೆಸಿ, ಇಂಪ್ಲಾಂಟಿನ ತುದಿ ಕೆಳತುಟಿ, ಗದ್ದಗಳಿಗೆ ಸ್ಪರ್ಶ ಕೊಡುವ, ದವಡೆಯೊಳಗಿನ ನರದ ಕಾಲುವೆಯನ್ನು ಒತ್ತುತ್ತಿರುವುದನ್ನು ತೋರಿಸಿದರು. ಒತ್ತಡ ಬೇಗ ತಪ್ಪಿದಷ್ಟೂ ನರ ಚೇತರಿಸಿಕೊಳ್ಳುವ ಸಾಧ್ಯತೆ ಹೆಚ್ಚು, ಆದರೆ ಖಾತರಿ ಕೊಡಲಾರೆ ಎಂದು ನೇರವಾಗಿ ಹೇಳಿ, ಅಂದು ಸಂಜೆಯೇ ಅದನ್ನು ಹೊರತೆಗೆದರು. ಆಮೇಲೆ ಪ್ರತಿ ಭೇಟಿಯಲ್ಲೂ ಹತ್ತಿಯ ಎಳೆಯಿಂದ ಗದ್ದವನ್ನು ಸವರುತ್ತ, ನಾನು 'ಗೊತ್ತಾಗುತ್ತಿಲ್ಲ' ಎಂದ ಜಾಗದ ಸುತ್ತ ಪೆನ್ನಿನಿಂದ ಗೆರೆ ಎಳೆದು ಫೋಟೋ ತೆಗೆದಿಟ್ಟುಕೊಳ್ಳುತ್ತಿದ್ದರು. ಮೂರನೆಯ ತಿಂಗಳು ಇರುವೆ ಹರಿದಂತಾಯಿತು. ಆ ಕಿರಿಕಿರಿಗೆ ಅಷ್ಟು ಸಂತೋಷಪಟ್ಟವರು ಇರಲಾರರು!

ಮೂಳೆ ತುಂಬಿಕೊಂಡ ಮೇಲೆ ಎರಡನೆಯ ಪ್ರಯತ್ನ. ಈ ಬಾರಿ ನರದ ಮೇಲೆ ಕನಿಷ್ಠ 2 ಮಿ.ಮೀ. ಅಂತರ ಉಳಿಯುವಂತೆ ಗಿಡ್ಡ ಇಂಪ್ಲಾಂಟನ್ನು ಆರಿಸಿ, ಸ್ಕ್ಯಾನ್ ಆಧಾರದಲ್ಲಿ ತಯಾರಿಸಿದ ಅಚ್ಚನ್ನು ಹಲ್ಲುಗಳ ಮೇಲೆ ಕೂರಿಸಿ, ಅದರ ರಂಧ್ರದ ಮೂಲಕವೇ ಡ್ರಿಲ್ ಇಳಿಸಿದರು. ಸಣ್ಣದರಿಂದ ದಪ್ಪನೆಯದಕ್ಕೆ ಒಂದೊಂದೇ ಡ್ರಿಲ್ ಬದಲಾಗುವಾಗ, ತಣ್ಣನೆಯ ಸಲೈನ್ ಒಂದು ಕ್ಷಣವೂ ನಿಲ್ಲದಂತೆ ನೋಡಿಕೊಂಡ ಸಹಾಯಕಿಗೆ ನಾನು ವಿಶೇಷವಾಗಿ ಋಣಿ. ಡ್ರಿಲ್‌ನ ಬಿಸಿಗೆ ಮೂಳೆ 47 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ನಿಮಿಷ ಇದ್ದರೂ ಅದಕ್ಕೆ ಹಾನಿಯಾಗಿ ಇಂಪ್ಲಾಂಟ್ ಬೆಸೆಯದೆ ಹೋಗಬಹುದೆಂದು ನನಗೆ ತಿಳಿದದ್ದು ಆನಂತರ. ಟೈಟಾನಿಯಂ ಮೂಳೆಯೊಂದಿಗೆ ಬೆಸೆದುಕೊಳ್ಳುವುದನ್ನು ಗುರುತಿಸಿ, 1965ರಲ್ಲಿ ಮೊದಲ ರೋಗಿಗೆ ಇಂಥ ಹಲ್ಲು ಕೂರಿಸಿದ ಸ್ವೀಡನ್ನಿನ ಬ್ರೋನೆಮಾರ್ಕ್ ಅವರನ್ನೂ ಇಂಪ್ಲಾಂಟ್ ಬೆಸೆಯಲೆಂದು ಕಾದ ಮೂರು ತಿಂಗಳಲ್ಲಿ ಹಲವು ಬಾರಿ ನೆನೆದೆ.

ಅಕ್ಕಪಕ್ಕದ ಹಲ್ಲಿನ ಬಣ್ಣಕ್ಕೆ ಒಪ್ಪುವವರೆಗೆ ಕ್ಯಾಪನ್ನು ಎರಡು ಸಲ ಹಿಂದಕ್ಕೆ ಪಡೆದು ತಿದ್ದಿದ ಪ್ರಯೋಗಾಲಯದವರಿಗೂ, ಇಂಪ್ಲಾಂಟಿನ ಸುತ್ತ ಒಸಡು ಸೋಂಕಿಗೆ ಗುರಿಯಾಗದಂತೆ ಸಂದಿಯ ಬ್ರಷ್ ಹಿಡಿಯುವ ಬಗೆಯನ್ನು ಬೇಸರಿಸದೆ ಕಲಿಸಿದವರಿಗೂ ವಂದನೆಗಳು. ಡಾಕ್ಟರೇ, ಮೊನ್ನೆ ನೀವು ಎಳೆದ ಗೆರೆಯೊಳಗೆ ಉಳಿದದ್ದು ತುಟಿಯ ಮೂಲೆಯ ಒಂದು ಬೊಟ್ಟಿನಷ್ಟು ಜಾಗ ಮಾತ್ರ.