ತೀರ್ಮಾನ ಆಯಿಯ ಕೈಯಲ್ಲಿರಲಿ

ಶಿರಸಿ
ಚೈತ್ರ ಬಹುಳ ಪಂಚಮಿ

ಚಿ. ಸೌಮ್ಯಾಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ಮೊನ್ನೆ ಫೋನಿನಲ್ಲಿ ಒಂದೇ ಉಸಿರಿಗೆ ಮೂರು ವಿಷಯ ಹೇಳಿದೆ. ಅಪ್ಪಯ್ಯ ತೀರಿಕೊಂಡ ಮೇಲೆ ನಿನ್ನ ಅಮ್ಮನನ್ನು, ಆಯಿಯನ್ನು, ಬೆಂಗಳೂರಿಗೆ ಕರೆದುಕೊಂಡು ಹೋಗಬೇಕು, ಅಡಿಕೆ ತೋಟವನ್ನು ಯಾರಿಗಾದರೂ ವಹಿಸಬೇಕು, ನೀನು ಮದುವೆಯಾಗಬೇಕೆಂದಿರುವ ಕಾರವಾರದ ಹುಡುಗನ ವಿಷಯ ಆಯಿಗೆ ಹೇಗೆ ಹೇಳುವುದೆಂದು ತಿಳಿಯುತ್ತಿಲ್ಲ. ಫೋನಿನಲ್ಲಿ ಆಡಿದ್ದು ಗಾಳಿಗೆ ಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಅಪ್ಪಯ್ಯನ ವರ್ಷಾಂತ ಮುಗಿಯುವ ತನಕ ಮಾರುವುದು, ಬಿಟ್ಟುಕೊಡುವುದು, ಮನೆಗೆ ಬೀಗ ಹಾಕುವುದು ಯಾವುದೂ ಬೇಡ ಮಗಳೇ. ಆಯಿಗೆ ಈಗ ಯಾರು ಏನು ಕೇಳಿದರೂ "ನೀವು ಹೇಳಿದ ಹಾಗೆ" ಎನ್ನುತ್ತಾಳೆ. ಅದನ್ನು ಒಪ್ಪಿಗೆ ಎಂದು ತಿಳಿಯಬೇಡ. ಗಂಡ ಹೋದ ಮೊದಲ ತಿಂಗಳುಗಳಲ್ಲಿ ಹೆಂಗಸರು ಎಲ್ಲದಕ್ಕೂ ತಲೆಯಾಡಿಸುತ್ತಾರೆ, ಮುಂದೆ ಜೀವಮಾನವಿಡೀ ಅದನ್ನು ನೆನೆದು ಕೊರಗುತ್ತಾರೆ. ನೀನು ಆಯಿಯ ಪರವಾಗಿ ನಿರ್ಧರಿಸಬೇಡ, ಆಕೆಯೇ ನಿರ್ಧರಿಸಲು ಬೇಕಾದ ಕಾಗದ, ಹಣ, ತಿಳಿವಳಿಕೆಯನ್ನು ಆಕೆಯ ಕೈಗೆ ಕೊಡು.

ಕಾಗದದಿಂದಲೇ ಶುರು ಮಾಡು. ಮರಣ ಪ್ರಮಾಣಪತ್ರದ ಹತ್ತು ಪ್ರತಿಯಾದರೂ ಇಟ್ಟುಕೋ. ಅದರಲ್ಲಿರುವ ಅಪ್ಪಯ್ಯನ ಹೆಸರನ್ನು ಆಧಾರ್, ಪಹಣಿ, ಪಾಸ್‌ಬುಕ್ಕಿನ ಪಕ್ಕದಲ್ಲಿಟ್ಟು ಅಕ್ಷರ ಅಕ್ಷರ ಹೋಲಿಸಿ ನೋಡು. ನಮ್ಮ ಕಡೆ ಎಲ್ಲರ ಕೆಲಸವೂ ನಿಲ್ಲುವುದು ಇಲ್ಲೇ. ಪಹಣಿಯಲ್ಲಿ ತಂದೆಯ ಹೆಸರು ಪೂರ್ತಿ ಇರುತ್ತದೆ, ಆಧಾರಿನಲ್ಲಿ ಬರೀ ಇನಿಷಿಯಲ್, ಬ್ಯಾಂಕಿನಲ್ಲಿ "ಹೆಗಡೆ" ಹೋಗಿ "ಹೆಗ್ಡೆ" ಆಗಿರುತ್ತದೆ. ವ್ಯತ್ಯಾಸವಿದ್ದರೆ ಆ ಹೆಸರುಗಳೆಲ್ಲ ಒಬ್ಬರದೇ ಎಂದು ನೋಟರಿಯ ಮುಂದೆ ಒಂದು ಅಫಿಡವಿಟ್ ಮಾಡಿಸಿಬಿಡು, ಪ್ರತಿ ಕಚೇರಿಯಲ್ಲೂ ಅದೇ ಪ್ರಶ್ನೆ ಬರುತ್ತದೆ.

ಆಮೇಲೆ ನಾಡಕಚೇರಿಯಲ್ಲಿ ವಂಶವೃಕ್ಷ, ಅದರ ಮೇಲೆ ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದಕ್ಕೆ, ಅರ್ಜಿ. ವಂಶವೃಕ್ಷ ಬರೆಸುವಾಗ ಅಜ್ಜಿಯ ಹೆಸರು ಬಿಡಬೇಡ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಗಂಡಸು ಉಯಿಲು ಬರೆಯದೆ ತೀರಿಕೊಂಡರೆ ಅವನ ಪಾಲಿಗೆ ಹೆಂಡತಿ, ಮಕ್ಕಳು ಮತ್ತು ಅವನ ತಾಯಿ ಸಮಾನ ವಾರಸುದಾರರು. ನಿಮ್ಮ ಮನೆಯಲ್ಲಿ ಅಜ್ಜಿ, ಆಯಿ, ನೀನು ಮೂವರೇ. ಅಜ್ಜಿಯನ್ನು ಬಿಟ್ಟು ಖಾತೆ ಮಾಡಿಸಿದರೆ ನಾಳೆ ತಕರಾರು ಬಂದೇ ಬರುತ್ತದೆ, ಬರಬೇಕಾದ್ದೂ ಹೌದು. ಪಹಣಿಯ 9ನೇ ಕಾಲಂನಲ್ಲಿ ಮೂವರ ಹೆಸರೂ ಬಂದಿದೆಯೇ, 11ನೇ ಕಾಲಂನಲ್ಲಿ ಯಾವ ಸಾಲದ ಬೋಜಾ ಇದೆ ಎಂದು ಆಯಿಗೆ ಬೆರಳಿಟ್ಟು ತೋರಿಸು. ಪಹಣಿ ಓದಲು ಬಂದರೆ ಅರ್ಧ ಹೆದರಿಕೆ ಹೋಗುತ್ತದೆ.

ಯಾರೋ ಒಬ್ಬರು ಹಕ್ಕು ಬಿಡುಗಡೆ ಪತ್ರ ಹಿಡಿದು ಬರಬಹುದು. "ನೀನು ಹೇಗೂ ಮದುವೆಯಾಗಿ ಹೋಗುವವಳು, ಒಂದು ಸಹಿ ಹಾಕು, ಆಯಿಗೆ ಸುಲಭವಾಗುತ್ತದೆ" ಎನ್ನುತ್ತಾರೆ. ಈ ವರ್ಷ ಹಾಕಬೇಡ, ಆಯಿಗೂ ಹಾಕಲು ಬಿಡಬೇಡ. ಪಿತ್ರಾರ್ಜಿತದಲ್ಲಿ ಮಗಳಿಗೆ ಹುಟ್ಟಿನಿಂದಲೇ ಮಗನಷ್ಟೇ ಹಕ್ಕು ಎಂಬುದು 2005ರ ತಿದ್ದುಪಡಿ. ಮದುವೆಯಾದರೂ, ಬೇರೆ ಜಾತಿಯವನನ್ನು ಮದುವೆಯಾದರೂ ಅದು ಹೋಗುವುದಿಲ್ಲ. ಆಯಿಯ ಹೆಸರಿಗೆ ಬಂದ ಪಾಲಿಗೆ ಆಕೆ ಪೂರ್ಣ ಮಾಲೀಕಳು, ಇರುವಷ್ಟು ದಿನ ಉಣ್ಣುವ ಹಕ್ಕು ಮಾತ್ರವಲ್ಲ. ನಾಳೆ ಆಕೆಗೂ ಒಬ್ಬ ಜೊತೆಗಾರ ಬೇಕೆನಿಸಿದರೆ ಅದರಿಂದ ಈ ಪಾಲು ಕೈತಪ್ಪುವುದಿಲ್ಲ. ಇದನ್ನು ಊರಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅದಕ್ಕೇ ನಾನು ಹೇಳಿದೆ.

ಬ್ಯಾಂಕಿನ ವಿಷಯ. ಅಪ್ಪಯ್ಯನ ಎಟಿಎಂ ಕಾರ್ಡು, ಫೋನಿನ ಯುಪಿಐ ಬಳಸಿ ಹಣ ತೆಗೆಯಬೇಡಿ. ಮನೆ ಖರ್ಚಿಗೇ ಆಗಿದ್ದರೂ ಮುಂದೆ ಲೆಕ್ಕ ಕೇಳುತ್ತಾರೆ. ಜಂಟಿ ಖಾತೆಯಲ್ಲಿ "ಇಬ್ಬರಲ್ಲಿ ಒಬ್ಬರು ಅಥವಾ ಉಳಿದವರು" ಎಂದಿದ್ದರೆ ಆಯಿ ಆ ಖಾತೆಯನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಬಹುದು. ನಾಮಿನಿ ಇದ್ದರೆ ಅರ್ಜಿ, ಮರಣ ಪ್ರಮಾಣಪತ್ರ, ಗುರುತಿನ ಚೀಟಿ ಸಾಕು, ಕಾಗದವೆಲ್ಲ ಸರಿ ಇದ್ದರೆ 15 ದಿನದೊಳಗೆ ಇತ್ಯರ್ಥ ಮಾಡಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ನಾಮಿನಿ ಎಂದರೆ ಹಣ ತೆಗೆದುಕೊಳ್ಳುವವರು ಅಷ್ಟೇ, ಒಡೆತನ ವಾರಸುದಾರರೆಲ್ಲರದು.

ಪಾಸ್‌ಬುಕ್ಕಿನಲ್ಲಿ ಪ್ರತಿವರ್ಷ ಮೇ ಕೊನೆಯ ಹೊತ್ತಿಗೆ 436 ರೂಪಾಯಿ ಕಡಿತವಾಗಿದೆಯೇ ಎಂದು ಹುಡುಕು. ಅದು ಜೀವನ ಜ್ಯೋತಿ ವಿಮೆಯ ಕಂತು. ಖಾತೆ ತೆರೆಯುವಾಗ ಸಹಿ ಹಾಕಿ ಮರೆತವರೇ ಹೆಚ್ಚು, ಹಾಗಾಗಿ ಮನೆಯವರಿಗೆ ಗೊತ್ತೇ ಇರುವುದಿಲ್ಲ. ಅಪ್ಪಯ್ಯನಿಗೆ 55 ತುಂಬಿರಲಿಲ್ಲವಾದ್ದರಿಂದ ಕಂತು ಹೋಗಿದ್ದರೆ 2 ಲಕ್ಷ ಬರುತ್ತದೆ. 30 ದಿನದೊಳಗೆ ಕ್ಲೇಮು ಹಾಕಿದರೆ ಒಳ್ಳೆಯದು ಎನ್ನುತ್ತಾರೆ. ದಾಟಿತೆಂದು ಕೈಬಿಡದೆ ಹಾಕು.

ಸೊಸೈಟಿಯಲ್ಲಿ ಬೆಳೆಸಾಲ ಎಷ್ಟಿದೆ, ಗಡುವು ಯಾವತ್ತು ಎಂದು ಬರವಣಿಗೆಯಲ್ಲಿ ಕೇಳಿ ತಗೋ. ಬಡ್ಡಿಯಿಲ್ಲದ ಸಾಲಕ್ಕೂ ಗಡುವು ದಾಟಿದರೆ ಬಡ್ಡಿ ಬೀಳುತ್ತದೆ. ಅಪ್ಪಯ್ಯ ಯಾರಿಗಾದರೂ ಜಾಮೀನು ನಿಂತಿದ್ದನೇ ಎಂದೂ ಕೇಳು, ಅದು ಪಾಸ್‌ಬುಕ್ಕಿನಲ್ಲಿ ಕಾಣುವುದಿಲ್ಲ. ಷೇರು, ಸದಸ್ಯತ್ವ ಆಯಿಯ ಹೆಸರಿಗೆ ಆಗಲಿ. ಅಟ್ಟದ ಮೇಲಿನ ಚಾಲಿ ಅಡಿಕೆ ಮಾರುವ ದಿನ ಆಯಿಯೇ ವ್ಯಾಪಾರಿ ಅಂಗಳಕ್ಕೆ ಹೋಗಲಿ, ಕೊಟ್ಟ ಚೀಟಿ ತಾನೇ ಓದಿ ಸಹಿ ಮಾಡಲಿ. ಅಡಿಕೆ ಸುಲಿದು, ಒಣಗಿಸಿ, ಆರಿಸಿ ಎಲ್ಲ ಮಾಡಿದವಳು ಆಕೆ. ಒಂದು ಕಾಯಿ ಕೈಯಲ್ಲಿ ಹಿಡಿದು ಒಡೆದು ನೋಡಿ ಒಣಗಿದ್ದು ಸಾಕೋ ಇಲ್ಲವೋ ಹೇಳುತ್ತಾಳೆ. ದರ ಕೇಳುವ ಜಾಗಕ್ಕೆ ಮಾತ್ರ ಆಕೆಯನ್ನು ಯಾರೂ ಕರೆದಿರಲಿಲ್ಲ.

ತೋಟ ವಹಿಸುವ ಮಾತು ಬಂತು. ಬಾಯಿಮಾತಿನಲ್ಲಿ ಗೇಣಿಗೆ ಕೊಡಬೇಡಿ. ನಮ್ಮ ರಾಜ್ಯದಲ್ಲಿ 1974ರಿಂದ ಕೃಷಿ ಜಮೀನನ್ನು ಗೇಣಿಗೆ ಕೊಡುವುದಕ್ಕೆ ಕಾನೂನಿನ ನಿರ್ಬಂಧವಿದೆ. ಆಯಿಗೆ ಆಗದೇ ಹೋದರೆ ಮರದ ಮೇಲಿನ ಫಸಲನ್ನು ಮಾತ್ರ ಗುತ್ತಿಗೆ ಕೊಡಬಹುದು. ಒಂದೇ ಹಂಗಾಮಿಗೆ, ಕಾಗದದ ಮೇಲೆ, ಮುಂಗಡ ಎಷ್ಟು, ಮದ್ದಿನ ಖರ್ಚು ಯಾರದು ಎಂದು ಬರೆದು. ಆದರೆ ಈ ವರ್ಷವಾದರೂ ಆಯಿಯೇ ಮಾಡಿಸಲಿ ಎಂಬುದು ನನ್ನ ಮನಸ್ಸು. ಬೆಳಿಗ್ಗೆ ಎದ್ದು ಹೋಗಲು ಒಂದು ಜಾಗವಿರುವುದು ಈಗ ಆಕೆಗೆ ಔಷಧಿಗಿಂತ ಹೆಚ್ಚು.

ತುರ್ತಾಗಿ ಬೇಕಾದ್ದು ಕೊಳೆ ಮದ್ದು, ಮಳೆಗಾಲದಲ್ಲಿ ಅಡಿಕೆಗೆ ಬರುವ ಕೊಳೆರೋಗಕ್ಕೆ ಹೊಡೆಯುವುದು. ಮಳೆ ಹಿಡಿಯುವ ಮೊದಲು, ಮೇ ಕೊನೆಗೋ ಜೂನ್ ಮೊದಲ ವಾರಕ್ಕೋ ಒಂದು ಸಲ, ಅದಾಗಿ 40–45 ದಿನಕ್ಕೆ ಇನ್ನೊಂದು ಸಲ ಬೀಳಲೇಬೇಕು. ಮರ ಹತ್ತುವ ಕೊನೆಗೌಡನಿಗೆ ಮೇ ಮೊದಲ ವಾರವೇ ಹೇಳಿಡಿ. ಮರ ಹತ್ತುವವರು ಸಿಗದಿದ್ದರೆ ಕಾರ್ಬನ್ ಫೈಬರಿನ ಉದ್ದ ದೋಟಿಯಲ್ಲಿ ನೆಲದಿಂದಲೇ ಹೊಡೆಯುವವರಿದ್ದಾರೆ, ಅವರಿಗೂ ಮೊದಲೇ ಹೇಳಬೇಕು. 100 ಲೀಟರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ 50 ಲೀಟರ್ ನೀರಿಗೆ ಹಾಕಿ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನಕ್ಕೆ ಸುರಿಯುತ್ತ ತಿರುಗಿಸಬೇಕು. ಉಜ್ಜಿ ಹೊಳಪು ಮಾಡಿದ ಕತ್ತಿಯನ್ನು ಸ್ವಲ್ಪ ಹೊತ್ತು ಅದ್ದಿ ತೆಗೆದಾಗ ಅಲಗಿನ ಮೇಲೆ ತಾಮ್ರದ ಕೆಂಪು ಹತ್ತಿದ್ದರೆ ಸುಣ್ಣ ಸಾಲದು. ಹಾಗೇ ಹೊಡೆದರೆ ಎಳೆಕಾಯಿ ಸುಡುತ್ತದೆ. ಸುಣ್ಣ ಹಳೆಯದಾಗಿ ಸತ್ವ ಹೋಗಿರುವುದೇ ಹೆಚ್ಚಾಗಿ ಕಾರಣ, ಇನ್ನಷ್ಟು ಸುಣ್ಣದ ನೀರು ಹಾಕಿ ಮತ್ತೆ ಅದ್ದಿ ನೋಡಬೇಕು. ಕಲಸಿದ ಮದ್ದು ಅದೇ ದಿನ ಮುಗಿಯಬೇಕು. ಆ ಎರಡು ದಿನ ನೀನು ಊರಲ್ಲಿರು. ಲೆಕ್ಕ ಬರೆಯುವುದು, ಆಳುಗಳ ಚಾ ನೋಡುವುದು ನಿನ್ನ ಕೆಲಸ. ಕತ್ತಿ ಅದ್ದಿ ನೋಡಿ "ಸಾಕು" ಎನ್ನುವವಳು ಆಯಿಯಾಗಲಿ.

ಅಪ್ಪಯ್ಯನ ಸಿಮ್ ಒಂದು ವರ್ಷ ರೀಚಾರ್ಜ್ ಮಾಡಿಸುತ್ತಿರು. ಕಚೇರಿ, ಬ್ಯಾಂಕುಗಳ ಸಂದೇಶಗಳು ಇನ್ನೂ ಆ ನಂಬರಿಗೇ ಬರುತ್ತವೆ. ವಾಟ್ಸಾಪಿನಲ್ಲಿ ಅವನ ದನಿಯ ಸಂದೇಶಗಳಿದ್ದರೆ ಈಗಲೇ ಪೆನ್‌ಡ್ರೈವಿಗೆ ಇಳಿಸಿ ಇನ್ನೊಂದು ಕಡೆಯೂ ಇಡು, ಬಹಳ ದಿನ ಬಳಸದ ವಾಟ್ಸಾಪ್ ಖಾತೆ ತಾನಾಗಿ ಅಳಿದುಹೋಗುತ್ತದೆ. ಆಯಿಗೆ ಕೇಳಿಸಲು ಹೋಗಬೇಡ. ಇದೆ ಎಂದು ಹೇಳು, ಬೇಕಾದಾಗ ಆಕೆಯೇ ಕೇಳುತ್ತಾಳೆ. ಬಟ್ಟೆಬರೆಯನ್ನೂ ಆಕೆ ಹೇಳುವ ತನಕ ಕಪಾಟಿನಿಂದ ತೆಗೆಯಬೇಡ.

ಆಯಿ ಬಿಪಿ ಮಾತ್ರೆ ತಗೊಳ್ಳುತ್ತಿದ್ದಾಳೆಯೇ ಎಂದು ಕೇಳಿದರೆ "ಹೌದು" ಎನ್ನುತ್ತಾಳೆ, ಶೀಟಿನಲ್ಲಿ ಉಳಿದ ಮಾತ್ರೆ ಎಣಿಸು. ಒಬ್ಬಳಿಗೆ ಎಂತ ಅಡುಗೆ ಎಂದು ಮಜ್ಜಿಗೆ ಅನ್ನದಲ್ಲೇ ದಿನ ತಳ್ಳುತ್ತಾಳೆ, ಅಜ್ಜಿಗೆ ಬೇಕು ಎಂದರೆ ಮಾತ್ರ ತಂಬುಳಿಗೆ ಕೈ ಹಾಕುತ್ತಾಳೆ, ಹಾಗೇ ಹೇಳಿಸು. ಅಳುವುದಕ್ಕೆ ಹೆದರಬೇಡ. ವಾರಗಟ್ಟಲೆ ನಿದ್ದೆಯಿಲ್ಲದಿದ್ದರೆ, ತೂಕ ಇಳಿಯುತ್ತ ಹೋದರೆ, "ನಾನ್ಯಾಕೆ ಇರಬೇಕು" ಎಂಬ ಮಾತು ಬಂದರೆ ತಡಮಾಡದೆ ವೈದ್ಯರಿಗೆ ತೋರಿಸು. ಸರ್ಕಾರದ ಮನೋಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಉಚಿತ, ಕನ್ನಡದಲ್ಲೇ ಮಾತಾಡಬಹುದು. ನಿನಗೂ ಬೇಕಾದೀತು, ನೀನೂ ಅಪ್ಪನನ್ನು ಕಳೆದುಕೊಂಡವಳೇ.

ಈಗ ಹುಡುಗನ ವಿಷಯ. ವರ್ಷ ಕಳೆಯಲಿ, ಆಮೇಲೆ ಹೇಳುತ್ತೇನೆ ಎಂದೆಯಲ್ಲ, ಅದು ಬೇಡ. ವರ್ಷದೊಳಗೆ ಕನ್ಯಾದಾನ ಆದರೆ ಹೋದವರಿಗೆ ಪುಣ್ಯ ಎಂದು ನೆಂಟರು ಆಗಲೇ ಜಾತಕ ಕೇಳಲು ಶುರು ಮಾಡಿದ್ದಾರೆ. ಆಯಿ ನಾಲ್ಕು ಮನೆಗೆ ಜಾತಕ ಕೊಟ್ಟ ಮೇಲೆ ನೀನು ಬಾಯಿಬಿಟ್ಟರೆ ಆಕೆ ಎಲ್ಲರೆದುರು ತಲೆತಗ್ಗಿಸಬೇಕಾಗುತ್ತದೆ. ಮೇ ತಿಂಗಳಲ್ಲಿ ಬಂದಾಗಲೇ ಹೇಳು. ಅಪ್ಪಯ್ಯನ ಮಾಸಿಕ ಶ್ರಾದ್ಧದ ಆಸುಪಾಸಿನ ದಿನ ಬೇಡ, ರಾತ್ರಿ ಮಲಗುವ ಹೊತ್ತಿನಲ್ಲಿ ಬೇಡ. ಮಧ್ಯಾಹ್ನ ಊಟವಾಗಿ ಅಜ್ಜಿ ಮಲಗಿದ ಮೇಲೆ, ನೀನೇ, ಎದುರು ಕೂತು. ಚಿಕ್ಕಪ್ಪನ ಬಾಯಲ್ಲಿ ಹೇಳಿಸಬೇಡ, ನನ್ನ ಬಾಯಲ್ಲೂ ಬೇಡ.

ಆಕೆ ಮೊದಲು ಕೇಳುವುದು "ಅಪ್ಪಯ್ಯಂಗೆ ಗೊತ್ತಿತ್ತಾ?" ಎಂದೇ. ಇದ್ದದ್ದನ್ನು ಇದ್ದ ಹಾಗೆ ಹೇಳು. ಗೊತ್ತಿರಲಿಲ್ಲ ಎಂದರೆ ಆಕೆಗೆ ಬೇಸರ, ಗೊತ್ತಿದ್ದು ತನಗೆ ಹೇಳಲಿಲ್ಲ ಎಂದಾದರೆ ಇನ್ನೂ ಹೆಚ್ಚು. ಎರಡಕ್ಕೂ ನೀನು ಸಿದ್ಧಳಿರಬೇಕು. ಮೀನು ತಿನ್ನುವ ಮನೆ, ಮನೆಮಾತು ಕೊಂಕಣಿ ಎಂಬುದನ್ನೂ ಮೊದಲ ದಿನವೇ ಹೇಳಿಬಿಡು, ಕಂತುಕಂತಾಗಿ ಬಿಚ್ಚಿದರೆ ಪ್ರತಿಸಲವೂ ಹೊಸ ನೋವು. ಒಪ್ಪಿಗೆ ಮಾತ್ರ ಕೇಳಬೇಡ. "ನಿಂಗೆ ಗೊತ್ತಿರಲಿ ಎಂದು ಹೇಳಿದೆ, ಉತ್ತರ ಈಗ ಬೇಡ" ಎಂದು ಎದ್ದು ಬಟ್ಟಲು ತೊಳೆ. "ಮದುವೆಯಾದರೆ ನಿನ್ನ ಒಂಟಿತನ ಹೋಗುತ್ತದೆ" ಎಂಬಂಥ ಮಾತು ಬೇಡವೇ ಬೇಡ, ಅದು ಚೌಕಾಸಿಯಾಗಿ ಕೇಳುತ್ತದೆ.

ಕಾನೂನಿನ ತೊಡಕು ಕಡಿಮೆ. ಇಬ್ಬರೂ ಹಿಂದೂಗಳಾದ್ದರಿಂದ ಜಾತಿ ಯಾವುದಾದರೂ ಸಂಪ್ರದಾಯದಂತೆ ಮದುವೆಯಾಗಿ 1955ರ ಹಿಂದೂ ವಿವಾಹ ಕಾಯ್ದೆಯಡಿ ನೋಂದಾಯಿಸಬಹುದು. 1954ರ ವಿಶೇಷ ವಿವಾಹ ಕಾಯ್ದೆಯಡಿ ಆಗುವುದಾದರೆ ಇಬ್ಬರಲ್ಲಿ ಒಬ್ಬರು ಆ ಜಿಲ್ಲೆಯಲ್ಲಿ 30 ದಿನ ವಾಸವಿರಬೇಕು, ನೋಟಿಸಾಗಿ 30 ದಿನ ಕಾಯಬೇಕು, ಮೂರು ತಿಂಗಳೊಳಗೆ ಮೂವರು ಸಾಕ್ಷಿಗಳೆದುರು ಮದುವೆ. ಆ ನೋಟಿಸನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಹಚ್ಚುತ್ತಾರೆ. ಆಯಿಗೆ ಸುದ್ದಿ ಆ ಗೋಡೆಯಿಂದ ತಲುಪಬಾರದು. ಸಂಪ್ರದಾಯದ ಮದುವೆಯಾದರೆ ಗಂಡನಿಲ್ಲದ ಆಯಿಯೇ ಧಾರೆಗೆ ಕೂರುವುದನ್ನು ಒಪ್ಪುವ ಪುರೋಹಿತರನ್ನು ಮೊದಲೇ ಮಾತಾಡಿಸಿಡಿ. ಒಪ್ಪುವವರಿದ್ದಾರೆ. ಮಂಟಪದ ದಿನ ಆ ಚರ್ಚೆ ಎದ್ದರೆ ಆಯಿ ತಾನಾಗಿ ಹಿಂದೆ ಸರಿದುಬಿಡುತ್ತಾಳೆ.

ಹುಡುಗನನ್ನು ಒಂದು ದಿನ ಊಟಕ್ಕೆ ಕರೆ. ಒಬ್ಬನೇ ಬರಲಿ, ಹಗಲು ಹೊತ್ತಿನಲ್ಲಿ, ಹೆತ್ತವರು ಈಗಲೇ ಬೇಡ. ಆಯಿ "ಆಗದು" ಎಂದರೆ ಆರು ತಿಂಗಳು ಸುಮ್ಮನಿರು, ಆದರೆ ಬಿಟ್ಟೆ ಎಂದು ಸುಳ್ಳು ಹೇಳಬೇಡ. ಕೊನೆಗೆ ನಿನ್ನ ಮದುವೆ ನಿನ್ನದೇ ತೀರ್ಮಾನ, ತೋಟ, ಮನೆ ಆಯಿಯದು. ಎರಡನ್ನೂ ಒಂದಕ್ಕೊಂದು ಗಂಟುಹಾಕಬೇಡಿ.

ನಾಲ್ಕು ದಿನದ ರಜೆಯನ್ನು ಸೋಮವಾರದಿಂದ ಹಾಕು, ಶನಿವಾರ ನಂಬಿದರೆ ಎರಡನೆಯ, ನಾಲ್ಕನೆಯ ಶನಿವಾರ ಬ್ಯಾಂಕಿಲ್ಲ. ಅಪ್ಪಯ್ಯನ ಮೂಲ ಆಧಾರ್, ಪ್ಯಾನ್ ನಿನ್ನ ಬಳಿ ಇದ್ದರೆ ತಾ, ನಿನ್ನ ನಾಲ್ಕು ಫೋಟೋ ಕೂಡ. ಆಯಿಯ ಫೋಟೋ ನಾನು ತೆಗೆಸಿಡುತ್ತೇನೆ.

ಇಂತು,
ನಿನ್ನ ದೊಡ್ಡಮ್ಮ